ಕೆಲಸದ ಗಾಡಿಗೆ ಏರ್ ಕಂಪ್ರೆಸರ್ ಕೂರಿಸಬೇಕು: 12 ವೋಲ್ಟಿನದ್ದು ಸಾಕಾ, ಬೆಲ್ಟಿನದ್ದೇ ಬೇಕಾ?

ಗ್ರೀಸ್‌ಕೈ:

ಎಲ್ಲರಿಗೂ ನಮಸ್ಕಾರ. ಟ್ರ್ಯಾಕ್ಟರು, ಜನರೇಟರು, ಮಣ್ಣು ಅಗೆಯುವ ಮಷೀನು ಇಂಥವನ್ನು ಇದ್ದಲ್ಲಿಗೇ ಹೋಗಿ ರಿಪೇರಿ ಮಾಡುವ ಕೆಲಸ ನನ್ನದು. ಗಾಡಿ ಸಣ್ಣ ಟ್ರಕ್ಕು, ಡೀಸೆಲ್, 12 ವೋಲ್ಟ್. ಹಿಂದೆ ಎರಡೂ ಕಡೆ ಟೂಲ್ ಬಾಕ್ಸ್ ಇರುವ ಬಾಡಿ. ಬ್ರೇಕು ಹೈಡ್ರಾಲಿಕ್, ಹಾಗಾಗಿ ಗಾಡಿಯಲ್ಲಿ ಗಾಳಿಯ ವ್ಯವಸ್ಥೆ ಏನೂ ಇಲ್ಲ. ಸದ್ಯಕ್ಕೆ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಪುಟ್ಟ ಪಂಪು ಇದೆ. ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ಹಚ್ಚಿದರೆ ಪಂಪು ಕಾದು ತಾನೇ ನಿಲ್ಲುತ್ತದೆ, ಟೈರು ಹೇಗಿತ್ತೋ ಹಾಗೇ ಇರುತ್ತದೆ.

ಈಗ ಗಾಡಿಗೇ ಕೂರುವ ಕಂಪ್ರೆಸರ್ ಹಾಕಿಸಬೇಕು ಅಂತಿದ್ದೇನೆ. ಕೆಲಸ ಇಷ್ಟು: ಟೈರಿಗೆ ಗಾಳಿ, ರೇಡಿಯೇಟರ್ ಮತ್ತು ಏರ್ ಫಿಲ್ಟರ್ ಊದುವುದು, ನಟ್ಟು ಬಿಚ್ಚುವ ಅರ್ಧ ಇಂಚಿನ ಇಂಪ್ಯಾಕ್ಟ್ ಗನ್, ಅಪರೂಪಕ್ಕೆ ಡೈ ಗ್ರೈಂಡರ್ (ಲೋಹ ಉಜ್ಜುವ ಕೈ ಮಷೀನು). ಒಬ್ಬರು 12 ವೋಲ್ಟಿನದ್ದು ಸಾಕು ಅನ್ನುತ್ತಾರೆ, ಇನ್ನೊಬ್ಬರು ಬಾನೆಟ್ ಒಳಗೆ ಇಂಜಿನ್ನಿನ ಬೆಲ್ಟಿಗೆ ಹಾಕು ಅನ್ನುತ್ತಾರೆ, ಮತ್ತೊಬ್ಬರು ಹಿಂದೆ ಪೆಟ್ರೋಲ್ ಇಂಜಿನ್ನಿನದ್ದನ್ನೇ ಇಡು ಅನ್ನುತ್ತಾರೆ. ಟ್ಯಾಂಕ್ ಎಷ್ಟು ಲೀಟರಿನದ್ದು ಬೇಕು, ಎಲ್ಲಿ ಕೂರಿಸಬೇಕು, ಇದೂ ಗೊತ್ತಿಲ್ಲ. ಹಾಕಿಸಿದವರು ಹೇಳಿ.

ಹೈವೇಹುಡುಗ:

150 ಪಿಎಸ್‌ಐ ಒತ್ತಡ ಬರುವ 12 ವೋಲ್ಟಿನದ್ದು ತಗೊಳ್ಳಿ, ಜೊತೆಗೊಂದು ಟ್ಯಾಂಕ್ ಹಾಕಿ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ನನ್ನ ಗಾಡಿಯಲ್ಲಿ ಅದೇ ಇದೆ, ಟೈರಿಗೆ ಚೆನ್ನಾಗಿದೆ.

ಬಾರ್‌ಲೀಟರ್:

ಟೈರಿಗೆ ಚೆನ್ನಾಗಿದೆ, ಸರಿ. ಇವರು ಕೇಳಿದ್ದು ಟೈರೊಂದನ್ನೇ ಅಲ್ವಲ್ಲ.

ಗ್ರೀಸ್‌ಕೈ ಅವರೇ, ಡಬ್ಬದ ಮೇಲೆ ಬರೆದಿರುವ ಪಿಎಸ್‌ಐ ನೋಡಿ ಕಂಪ್ರೆಸರ್ ತಗೊಳ್ಳಬೇಡಿ. 150 ಪಿಎಸ್‌ಐ ಅಂದರೆ ಹತ್ತು ಬಾರ್ ಚಿಲ್ಲರೆ, ಆ ಒತ್ತಡವನ್ನು ಪುಟ್ಟ ಪಂಪು ಕೂಡ ಕೊಡುತ್ತದೆ, ಆದರೆ ಎಷ್ಟು ಹೊತ್ತಿಗೆ ಅನ್ನುವುದು ಪ್ರಶ್ನೆ. ನೋಡಬೇಕಾದ್ದು ಒತ್ತಡ ಇರುವಾಗ ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಬರುತ್ತದೆ ಅಂತ. ಅದರಲ್ಲೂ ಒಂದು ಕಿತಾಪತಿ ಇದೆ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕುವ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ) ಸಾಮಾನ್ಯವಾಗಿ ಸೊನ್ನೆ ಒತ್ತಡದ್ದು, ಅಂದರೆ ಹೋಸಿನ ತುದಿ ಬಿಟ್ಟುಕೊಂಡು ಓಡಿಸಿದಾಗ ಬರುವುದು. 6 ಅಥವಾ 7 ಬಾರ್‌ನಲ್ಲಿ ಅದು ಅರ್ಧಕ್ಕೆ ಇಳಿದಿರುತ್ತದೆ. ಒಳ್ಳೆಯ ತಯಾರಕರು ಎರಡನ್ನೂ ಟೇಬಲ್ ಮಾಡಿ ಕೊಟ್ಟಿರುತ್ತಾರೆ. ಕೊಡದಿದ್ದರೆ ಆ ಮಾಲು ಬಿಟ್ಟುಬಿಡಿ. (1 ಸಿಎಫ್‌ಎಂ ಅಂದರೆ ನಿಮಿಷಕ್ಕೆ 28 ಲೀಟರ್.)

12 ವೋಲ್ಟಿಗೆ ಒಂದು ಮಿತಿ ಇದೆ. 7 ಬಾರ್‌ನಲ್ಲಿ 3, 4 ಸಿಎಫ್‌ಎಂ ಬೇಕು ಅಂದರೆ ಸುಮಾರು 1 ಎಚ್‌ಪಿ ಬೇಕು. 1 ಎಚ್‌ಪಿ ಅಂದರೆ 746 ವ್ಯಾಟ್, ಮೋಟರಿನಲ್ಲಿ ಆಗುವ ನಷ್ಟ ಸೇರಿಸಿದರೆ 12 ವೋಲ್ಟಿನಲ್ಲಿ 80, 90 ಆಂಪಿಯರ್ ಎಳೆಯುತ್ತದೆ. ಹಾಗಾಗಿ ಎರಡು ಸಿಲಿಂಡರಿನ ದೊಡ್ಡ 12 ವೋಲ್ಟ್ ಕಂಪ್ರೆಸರ್ ಕೂಡ ಆ ಒತ್ತಡದಲ್ಲಿ ಕೊಡುವುದು ನಿಮಿಷಕ್ಕೆ 70, 80 ಲೀಟರ್. ಇಷ್ಟನ್ನು ತಲೆಯಲ್ಲಿಟ್ಟುಕೊಂಡು ನಿಮ್ಮ ಕೆಲಸ ನೋಡಿ.

ಇಂಪ್ಯಾಕ್ಟ್ ಗನ್ ಟ್ರಿಗರ್ ಒತ್ತಿ ಹಿಡಿದರೆ ನಿಮಿಷಕ್ಕೆ 500 ಲೀಟರ್ ಹತ್ತಿರ ತಿನ್ನುತ್ತದೆ. ಕ್ಯಾಟಲಾಗಿನಲ್ಲಿ 4 ಸಿಎಫ್‌ಎಂ ಅಂತ ಇರುತ್ತದೆ, ನಂಬಬೇಡಿ, ಅದು ನಿಮಿಷಕ್ಕೆ ಹದಿನೈದು ಸೆಕೆಂಡ್ ಮಾತ್ರ ಒತ್ತುತ್ತೀರಿ ಅಂದುಕೊಂಡು ತೆಗೆದ ಸರಾಸರಿ. ಆದರೂ ಗನ್ ನನಗೆ ಚಿಂತೆ ಅಲ್ಲ, ಒಂದು ನಟ್ಟಿಗೆ ಮೂರ್ನಾಲ್ಕು ಸೆಕೆಂಡ್ ಒತ್ತಿ ಬಿಡುತ್ತೀರಿ, ಅಷ್ಟನ್ನು ಟ್ಯಾಂಕ್ ಕೊಡುತ್ತದೆ. 20 ಲೀಟರ್ ಟ್ಯಾಂಕ್ 10 ಬಾರಿನಿಂದ 6ಕ್ಕೆ ಇಳಿಯುವಾಗ ಸಿಗುವ ಗಾಳಿ 20 ಗುಣಿಸು 4, ಅಂದರೆ 80 ಲೀಟರ್. ಗನ್ನಿಗೆ ಹತ್ತು ಸೆಕೆಂಡ್. ಆಮೇಲೆ ಒಂದು ನಿಮಿಷ ಕಾಯಬೇಕು. ಟ್ಯಾಂಕ್ 40 ಲೀಟರಿನದ್ದಾದರೆ ಇಪ್ಪತ್ತು ಸೆಕೆಂಡ್, ಆಮೇಲೆ ಎರಡು ನಿಮಿಷ. ದೊಡ್ಡ ಟ್ಯಾಂಕ್ ಹಾಕಿದರೆ ಗಾಳಿ ಹೆಚ್ಚಾಗುವುದಿಲ್ಲ, ಕಾಯುವುದು ಹಿಂದೆ ಮುಂದೆ ಆಗುತ್ತದೆ ಅಷ್ಟೆ.

ನಿಜವಾದ ಹೊಟ್ಟೆಬಾಕ ನೀವು ಧೂಳು ಊದುವ ಏರ್ ಗನ್. ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 2 ಎಂಎಂ ತೂತಿನ ನಾಜಲ್ಲಿನಿಂದ 6 ಬಾರ್ ಗಾಳಿ ಹೋದರೆ ನಿಮಿಷಕ್ಕೆ 250 ಲೀಟರ್ ದಾಟುತ್ತದೆ. ಅದೂ ಇಂಪ್ಯಾಕ್ಟ್ ಗನ್ನಿನ ಹಾಗೆ ನಡುನಡುವೆ ಅಲ್ಲ, ರೇಡಿಯೇಟರ್ ಊದಲು ಹೊರಟರೆ ಹತ್ತು ನಿಮಿಷ ಬಿಡದೆ ಊದುತ್ತೀರಿ.

ಗ್ರೀಸ್‌ಕೈ:

ಅಣ್ಣಾ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಹಾಗಾದರೆ ಊದುವುದಕ್ಕಾಗಿಯೇ ನಾನು ಬೆಲ್ಟಿನದ್ದಕ್ಕೆ ಹೋಗಬೇಕಾ? ದಿನಕ್ಕೊಂದು ರೇಡಿಯೇಟರ್ ಗ್ಯಾರಂಟಿ, ಹೊಟ್ಟು ಧೂಳು ತುಂಬಿಕೊಂಡಿರುತ್ತವೆ.

ಬಾರ್‌ಲೀಟರ್:

ಬೇಡ, ಮೊದಲು ಒಂದು ರೆಗ್ಯುಲೇಟರ್ ಹಾಕಿ ನೋಡಿ. ಒತ್ತಡ 6ರಿಂದ 2 ಬಾರಿಗೆ ಇಳಿಸಿದರೆ ಅದೇ ನಾಜಲ್ ತಿನ್ನುವುದು ಅರ್ಧಕ್ಕಿಂತ ಕಡಿಮೆ. ಹೊರಗಿನ ಗಾಳಿಯ 1 ಬಾರ್ ಸೇರಿಸಿ ಲೆಕ್ಕ ಹಾಕಬೇಕು: ಏಳರಲ್ಲಿ ಮೂರು ಪಾಲು, ಅಂದರೆ 110 ಲೀಟರ್ ಆಸುಪಾಸು. ಟ್ಯಾಂಕನ್ನೂ 6ಕ್ಕೇ ನಿಲ್ಲಿಸಬೇಕಾಗಿಲ್ಲ, 10ರಿಂದ 2ರ ಹತ್ತಿರದವರೆಗೆ ಹೀರಬಹುದು. ಅಷ್ಟೇ ಟ್ಯಾಂಕಿನಲ್ಲಿ ಎರಡರಷ್ಟು ಗಾಳಿ ಸಿಕ್ಕಿತು. ಕಂಪ್ರೆಸರ್ ಕೂಡ ಒತ್ತಡ ಕಡಿಮೆ ಇದ್ದಾಗ ಜಾಸ್ತಿ ಗಾಳಿ ಕೊಡುತ್ತದೆ, ಹಾಗಾಗಿ ಊದುವುದಕ್ಕೂ ತುಂಬುವುದಕ್ಕೂ ಹೆಚ್ಚು ಕಡಿಮೆ ಸರಿಹೋಗುತ್ತದೆ.

ರೇಡಿಯೇಟರ್ ಫಿನ್ನಿಗೆ (ತೆಳು ತಗಡಿನ ಎಲೆಗಳಿಗೆ) 6 ಬಾರ್ ಹತ್ತಿರದಿಂದ ಹೊಡೆದರೆ ಮಡಚಿಕೊಳ್ಳುತ್ತವೆ, ಅದು ಬೇರೆ. ಏರ್ ಫಿಲ್ಟರಿಗಂತೂ 2 ಬಾರಿನ ಮೇಲೆ ಹೋಗಲೇಬಾರದು, ಒಳಗಿನಿಂದ ಹೊರಕ್ಕೆ ಊದಬೇಕು. ಕಾಗದದಲ್ಲಿ ಒಂದು ಸಣ್ಣ ತೂತು ಬಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಧೂಳು ಸೀದಾ ಇಂಜಿನ್ನಿಗೆ.

ಡೈ ಗ್ರೈಂಡರ್ ಮಾತ್ರ ಮರೆತುಬಿಡಿ. ಟ್ರಿಗರ್ ಹಿಡಿದಷ್ಟು ಹೊತ್ತೂ 400 ಲೀಟರಿನ ಮೇಲೆ ಬೇಕು, 12 ವೋಲ್ಟಿನ ಕೈಲಿ ಆಗದ ಮಾತು. ಅಪರೂಪಕ್ಕೆ ಅಂದಿರಲ್ಲ, ಬ್ಯಾಟರಿಯದ್ದು ಇಟ್ಟುಕೊಳ್ಳಿ. ನನ್ನ ಕೇಳಿದರೆ ಇಂಪ್ಯಾಕ್ಟ್ ಗನ್ ಕೂಡ ಬ್ಯಾಟರಿಯದ್ದೇ ಸರಿ, ಈಗಿನವು ಲಾರಿ ನಟ್ಟನ್ನೂ ಬಿಚ್ಚುತ್ತವೆ.

ಬೆಲ್ಟುಪುಲ್ಲಿ:

ಮೇಲಿನವರು ಹೇಳಿದ ಲೆಕ್ಕ ಸರಿ. ಆದರೆ ಬೆಲ್ಟಿನದ್ದನ್ನು ಅಷ್ಟು ಬೇಗ ತಳ್ಳಿಹಾಕಬೇಡಿ. ಇಂಜಿನ್ ಹೇಗೂ ಓಡುತ್ತಿರುತ್ತದೆ, ಅದರ ಮುಂದೆ ಒಂದೆರಡು ಎಚ್‌ಪಿ ಲೆಕ್ಕಕ್ಕೇ ಇಲ್ಲ.

ಇದಕ್ಕೆ ಹೆಚ್ಚಿನವರು ಬಳಸುವುದು ಹಳೆಯ ಏಸಿ ಕಂಪ್ರೆಸರ್. ಎರಡು ಜಾತಿ ಇದೆ, ವ್ಯತ್ಯಾಸ ತಿಳಿದುಕೊಂಡೇ ಕೈ ಹಾಕಿ. ಯಾರ್ಕ್ ಅಂತ ಒಂದು ಹಳೇ ಮಾದರಿ, ಚೌಕಾಕಾರದ್ದು, ಎರಡು ಪಿಸ್ಟನ್, ಕೆಳಗೆ ಅದರದ್ದೇ ಆಯಿಲ್ ಸಂಪ್ (ಆಯಿಲ್ ನಿಲ್ಲುವ ತೊಟ್ಟಿ) ಇರುತ್ತದೆ, ಥೇಟ್ ಸಣ್ಣ ಇಂಜಿನ್ನಿನ ಹಾಗೆ. ಅದರಲ್ಲಿ ದೊಡ್ಡದು ಒಂದು ಸುತ್ತಿಗೆ 170 ಸಿಸಿಯಷ್ಟು ಗಾಳಿ ಎಳೆಯುತ್ತದೆ. ಕಂಪ್ರೆಸರ್ 2000 ಆರ್‌ಪಿಎಂ ತಿರುಗಿದರೆ 340 ಲೀಟರ್ ಆಯಿತು, ನಷ್ಟ ಕಳೆದು 200 ಲೀಟರ್ ಕೈಗೆ ಬಂತು ಅಂದುಕೊಳ್ಳಿ. 12 ವೋಲ್ಟಿನದ್ದರ ಎರಡೂವರೆ ಪಾಲು. ಇನ್ನೊಂದು ಜಾತಿ ಉದ್ದ ದುಂಡಗಿನದ್ದು, ಸ್ಯಾಂಡೆನ್ 508 ತರಹದ್ದು, ಐದು ಪಿಸ್ಟನ್, 138 ಸಿಸಿ. ಸಿಗುವುದು ಸುಲಭ, ಕೂರಿಸುವುದೂ ಸುಲಭ. ಆದರೆ ಇದಕ್ಕೆ ಆಯಿಲ್ ಬರುವುದು ಏಸಿ ಗ್ಯಾಸಿನ ಜೊತೆ ಸುತ್ತಿಕೊಂಡು. ಗ್ಯಾಸ್ ಬದಲು ಗಾಳಿ ಎಳೆಸಿದರೆ ಒಳಗಿದ್ದ ಆಯಿಲ್ ಎಲ್ಲ ಹೊರಗೆ ಹೋಗಿ ಮತ್ತೆ ವಾಪಸ್ ಬರುವುದಿಲ್ಲ, ಒಣಗಿಕೊಂಡು ಓಡಿ ಜಾಮ್ ಆಗುತ್ತದೆ. ಅದಕ್ಕೆ ಎಳೆಯುವ ಕಡೆ ಹನಿಹನಿಯಾಗಿ ಆಯಿಲ್ ಬಿಡುವ ಲೂಬ್ರಿಕೇಟರ್ ಹಾಕಬೇಕು, ಹೊರಬರುವ ಕಡೆ ಆಯಿಲ್ ಹಿಡಿಯುವ ಸೆಪರೇಟರ್ ಹಾಕಬೇಕು, ಎರಡನ್ನೂ ಆಗಾಗ ನೋಡಿಕೊಳ್ಳಬೇಕು. ಇಷ್ಟಾದರೂ ಗಾಳಿಯಲ್ಲಿ ಸ್ವಲ್ಪ ಎಣ್ಣೆ ಬರುತ್ತದೆ. ಗನ್ನಿಗೆ ಒಳ್ಳೆಯದೇ, ಏರ್ ಫಿಲ್ಟರ್ ಊದಲು ಒಳ್ಳೆಯದಲ್ಲ.

ಇನ್ನೊಂದು. ಕ್ಯಾಬಿನ್ನಿಗೆ ಏಸಿ ಕೊಡುತ್ತಿರುವ ಕಂಪ್ರೆಸರನ್ನೇ ಗಾಳಿಗೂ ಬಳಸಬಹುದಾ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ, ಬೇರೆಯೇ ಬೇಕು.

ಕಷ್ಟ ಬ್ರಾಕೆಟ್ಟಿನದ್ದು. ಹೊಸ ಇಂಜಿನ್ನುಗಳಲ್ಲಿ ಮುಂದೆ ಬೆರಳು ಹೋಗುವಷ್ಟೂ ಜಾಗ ಇರುವುದಿಲ್ಲ. ಪುಲ್ಲಿ ಒಂದೇ ಸಾಲಿಗೆ ಬರದಿದ್ದರೆ ಬೆಲ್ಟ್ ಅಂಚು ಸವೆದು ದಾರ ಬಿಟ್ಟುಕೊಳ್ಳುತ್ತದೆ, ಆ ದಾರ ಫ್ಯಾನಿಗೋ ಟೈಮಿಂಗ್ ಕವರಿಗೋ ಸುತ್ತಿಕೊಂಡರೆ ಗಾಳಿ ಇರಲಿ, ಗಾಡಿಯೇ ನಿಂತುಬಿಡುತ್ತದೆ. ನಿಮ್ಮ ಇಂಜಿನ್ನಿಗೆ ಅಂತಲೇ ಮಾಡಿದ ರೆಡಿ ಬ್ರಾಕೆಟ್ ಸಿಗುತ್ತದೆ ಅಂದರೆ ಬೆಲ್ಟ್ ಕಡೆ ಹೋಗಿ. ಇಲ್ಲದಿದ್ದರೆ ಬೇಡ.

ಹಿಂದೆ ಪೆಟ್ರೋಲ್ ಇಂಜಿನ್ ಇಡುವುದು ದಿನವಿಡೀ ಗ್ರೈಂಡರು, ಮುಕ್ಕಾಲು ಇಂಚಿನ ಗನ್ನು ಅಂತ ಇರುವವರಿಗೆ. ಗಾಳಿ ಬೇಕಾದಷ್ಟು. ಸದ್ದು, ತೂಕ, ಇನ್ನೊಂದು ಇಂಜಿನ್ನಿನ ಸರ್ವೀಸು, ಇವೂ ಬೇಕಾದಷ್ಟು. ಮುಚ್ಚಿದ ಬಾಕ್ಸ್ ಒಳಗಂತೂ ಇಡಲೇಬೇಡಿ.

ಪೈಪುಫಿಟ್ಟಿಂಗ್:

ಯಾವುದೇ ಕಂಪ್ರೆಸರ್ ಹಾಕಿ, ಅಲ್ಲಿಂದ ಮುಂದಿನ ಪೈಪು ಫಿಟ್ಟಿಂಗ್ ಸರಿಯಿಲ್ಲದಿದ್ದರೆ ಅದರಿಂದ ಏನೂ ಪ್ರಯೋಜನ ಇಲ್ಲ.

ಕಂಪ್ರೆಸರ್ ಹೆಡ್ಡಿನಿಂದ ಹೊರಬರುವ ಗಾಳಿ ನೀರು ಕುದಿಯುವ ಶಾಖಕ್ಕಿಂತ ಜಾಸ್ತಿ ಬಿಸಿ ಇರುತ್ತದೆ. ಅಲ್ಲಿಗೆ ಸೀದಾ ರಬ್ಬರ್ ಹೋಸ್ ಅಥವಾ ನೈಲಾನ್ ಪೈಪ್ ಹಾಕಿದರೆ ಸ್ವಲ್ಪ ದಿನದಲ್ಲೇ ಗಟ್ಟಿಯಾಗಿ ಬಿರಿಯುತ್ತದೆ. ಸ್ಟೀಲ್ ಜಾಲರಿ ಇರುವ ಟೆಫ್ಲಾನ್ ಹೋಸ್ ಹಾಕಿ, ಸಾಧ್ಯವಾದರೆ ಅದರಿಂದ ಮುಂದೆ ಒಂದೆರಡು ಮೀಟರ್ ತಾಮ್ರದ ಪೈಪನ್ನು ಸುರುಳಿ ಮಾಡಿ ಗಾಳಿ ಆಡುವ ಕಡೆ ಇಡಿ. ಗಾಳಿ ಅಲ್ಲೇ ತಣ್ಣಗಾಗುತ್ತದೆ, ಅದರಲ್ಲಿರುವ ತೇವ ನೀರಾಗಿ ಟ್ಯಾಂಕಿನಲ್ಲೇ ಬಿಟ್ಟುಕೊಳ್ಳುತ್ತದೆ. ಬಿಸಿಯಾಗಿಯೇ ಟ್ಯಾಂಕಿಗೆ ಹೋಗಿ ಅಲ್ಲಿಂದ ಬಿಸಿಯಾಗಿಯೇ ಹೊರಟರೆ ನೀರು ಬೀಳುವುದು ನಿಮ್ಮ ಗನ್ ಒಳಗೆ. ಪಿವಿಸಿ ಪೈಪ್ ಎಲ್ಲಿಯೂ ಬೇಡ, ಒಡೆದರೆ ಚೂರುಚೂರಾಗಿ ಹಾರುತ್ತದೆ. ಟ್ಯಾಂಕಿನಿಂದ ಮುಂದೆ ಲಾರಿ ಏರ್ ಬ್ರೇಕಿಗೆ ಬಳಸುವ ನೈಲಾನ್ ಪೈಪ್, ಅದರದ್ದೇ ಒತ್ತಿ ಕೂರಿಸುವ ಫಿಟ್ಟಿಂಗು, ಇವು ಒಳ್ಳೆಯವು. ಚಾಸಿಯ ಅಂಚಿಗೆ ಉಜ್ಜುವ ಕಡೆ ಮಾತ್ರ ಪೈಪಿನ ಮೇಲೊಂದು ಹೊದಿಕೆ ಹಾಕಿ.

ಟ್ಯಾಂಕಿಗೆ ಮೂರು ವಸ್ತು ಬಿಡುವಂತಿಲ್ಲ. ಒಳಬರುವ ಕಡೆ ನಾನ್ ರಿಟರ್ನ್ ವಾಲ್ವು, ಅಂದರೆ ಗಾಳಿ ವಾಪಸ್ ಹೋಗದಂತೆ ತಡೆಯುವುದು. ಟ್ಯಾಂಕಿನ ಮೇಲೆ ನಮೂದಿಸಿರುವ ಒತ್ತಡ ದಾಟದ ಹಾಗೆ ಗಾಳಿ ಬಿಡುವ ಸೇಫ್ಟಿ ವಾಲ್ವು, ಅದೂ ಟ್ಯಾಂಕಿಗೇ ಸೀದಾ, ನಡುವೆ ಯಾವ ಬಂದ್ ಮಾಡುವ ಕಾಕೂ ಇಲ್ಲದ ಹಾಗೆ. ಒತ್ತಡ ನೋಡಿ ಕಂಪ್ರೆಸರ್ ಆನ್ ಆಫ್ ಮಾಡುವ ಪ್ರೆಶರ್ ಸ್ವಿಚ್ ಅಂಟಿಕೊಂಡು ಕಂಪ್ರೆಸರ್ ನಿಲ್ಲದೇ ಹೋದ ದಿನ ನಿಮ್ಮನ್ನು ಕಾಯುವುದು ಇದೊಂದೇ. ಆಮೇಲೆ ಅತೀ ತಗ್ಗಿನ ಜಾಗದಲ್ಲಿ ಡ್ರೈನ್ ಕಾಕು. ಚಾಸಿ ಕೆಳಗೆ ಟ್ಯಾಂಕ್ ಹಾಕಿದವರು ಡ್ರೈನ್ ಬಿಚ್ಚುವುದೇ ಇಲ್ಲ, ಯಾಕೆಂದರೆ ಕೆಸರಿನಲ್ಲಿ ಮಲಗಿ ಯಾರು ಬಿಚ್ಚುತ್ತಾರೆ. ಅದಕ್ಕೆ ಕೆಳಗಿನ ತೂತಿಗೆ ಒಂದು ಎಲ್ಬೋ ಹಾಕಿ ಸಣ್ಣ ಪೈಪಿನಲ್ಲಿ ಗಾಡಿಯ ಪಕ್ಕಕ್ಕೆ ತನ್ನಿ, ಕಾಕು ಅಲ್ಲಿರಲಿ. ಸಂಜೆ ಒಮ್ಮೆ ತಿರುಗಿಸಿದರೆ ಒತ್ತಡಕ್ಕೆ ನೀರು ತಾನೇ ಹತ್ತಿಕೊಂಡು ಬರುತ್ತದೆ. ಮೊದಲು ಟೀ ಬಣ್ಣದ ನೀರು, ಆಮೇಲೆ ಮಂಜಿನ ಹಾಗೆ, ಆಮೇಲೆ ಬರೀ ಗಾಳಿ. ಟೀ ಬಣ್ಣದ ಜೊತೆ ತುಕ್ಕಿನ ಹಕ್ಕಳೆ ಬರಲು ಶುರುವಾದರೆ ಆ ಟ್ಯಾಂಕಿನ ಆಯಸ್ಸು ಮುಗಿಯಿತು ಅಂತ. ಬೆಸುಗೆ ಹಾಕಿ ಉಳಿಸಿಕೊಳ್ಳಲು ಹೋಗಬೇಡಿ. ಗ್ಯಾಸ್ ಸಿಲಿಂಡರಿಗೆ ತೂತು ಹೊಡೆದು ಟ್ಯಾಂಕ್ ಮಾಡುವವರನ್ನೂ ನೋಡಿದ್ದೇನೆ, ಅವರ ಪಕ್ಕ ನಿಲ್ಲಬೇಡಿ.

ಕಂಪ್ರೆಸರ್ ಮಾತ್ರ ಚಾಸಿ ಕೆಳಗೆ ಬೇಡ. ಟೂಲ್ ಬಾಕ್ಸಿನಲ್ಲೋ ಸೀಟಿನ ಹಿಂದೆಯೋ, ಧೂಳು ನೀರು ಕಡಿಮೆ ಇರುವ ಕಡೆ, ರಬ್ಬರ್ ಬುಷ್ ಮೇಲೆ. ಬಾಕ್ಸಿನಲ್ಲಿ ಇಟ್ಟರೆ ಗಾಳಿ ಆಡಲು ಎರಡು ಕಡೆ ಜಾಲರಿ ಬಿಡಿ, ಇಲ್ಲದಿದ್ದರೆ ತಾನು ಬಿಟ್ಟ ಬಿಸಿಯನ್ನೇ ತಾನು ಎಳೆದುಕೊಂಡು ಥರ್ಮಲ್ ಕಟ್ ಆಗುತ್ತಿರುತ್ತದೆ, ಅಂದರೆ ಕಾದು ತಾನೇ ನಿಲ್ಲುತ್ತದೆ. ತಗೊಳ್ಳುವಾಗ ಡ್ಯೂಟಿ ಸೈಕಲ್ (ಒಟ್ಟು ಹೊತ್ತಿನಲ್ಲಿ ಎಷ್ಟು ಪಾಲು ಓಡಬಹುದು) ಕೇಳಿ. 33 ಪರ್ಸೆಂಟ್ ಅಂದರೆ ಹತ್ತು ನಿಮಿಷ ಓಡಿದರೆ ಇಪ್ಪತ್ತು ನಿಮಿಷ ಬಿಡುವು. ನೀವು ಊದುವವರು, 100 ಪರ್ಸೆಂಟಿನದ್ದೇ ನೋಡಿ.

ಹತ್ತುಚಕ್ರ:

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನದು ಏರ್ ಬ್ರೇಕಿನ ದೊಡ್ಡ ಗಾಡಿ. ಬ್ರೇಕ್ ಟ್ಯಾಂಕಿಗೆ ಒಂದು ಟೀ (ಕವಲು ಫಿಟ್ಟಿಂಗ್) ಹಾಕಿ ಗಾಳಿ ತಗೊಂಡರೆ ಆಯಿತಲ್ಲ? ಇದ್ದ ಕಂಪ್ರೆಸರ್ ಬಿಟ್ಟು ಇನ್ನೊಂದು ಯಾಕೆ?

ಪೈಪುಫಿಟ್ಟಿಂಗ್:

ಬ್ರೇಕ್ ಟ್ಯಾಂಕಿಗೆ ಟೀ ಹಾಕಬೇಡಿ ಅಣ್ಣ. ನಿಮ್ಮ ಹೋಸ್ ಕಿತ್ತುಬಂದರೆ ಬ್ರೇಕಿನ ಗಾಳಿ ಹೋಯಿತು. ನಿಂತಲ್ಲಿ ಆದರೆ ಗಾಳಿ ಹೋದಾಗ ತಾನೇ ಹಿಡಿಯುವ ಸ್ಪ್ರಿಂಗ್ ಬ್ರೇಕ್ ಹಿಡಿದುಕೊಂಡು ಗಾಡಿ ಅಲ್ಲಾಡುವುದಿಲ್ಲ, ಓಡುವಾಗ ಆದರೆ ಹೇಳಬೇಕಾಗಿಲ್ಲ.

ಹೆಚ್ಚಿನ ಗಾಡಿಗಳಲ್ಲಿ ಗಾಳಿಯ ತೇವ ತೆಗೆಯುವ ಏರ್ ಡ್ರೈಯರ್ ಆದ ಮೇಲೆ ನಾಲ್ಕು ಸರ್ಕ್ಯೂಟಿನ ಪ್ರೊಟೆಕ್ಷನ್ ವಾಲ್ವು ಇರುತ್ತದೆ. ಅದರ ಮೇಲೆ 21, 22, 23, 24 ಅಂತ ಅಚ್ಚೊತ್ತಿರುತ್ತದೆ. 21, 22 ಕಾಲಿನ ಬ್ರೇಕಿನದ್ದು. 23 ಪಾರ್ಕಿಂಗು, ಟ್ರೇಲರಿನದ್ದು. 24 ಉಳಿದ ಚಿಲ್ಲರೆ ಕೆಲಸಕ್ಕೆ. ಅಲ್ಲಿಂದ ತಗೊಳ್ಳಿ, ನಿಮ್ಮದೇ ಬೇರೆ ಟ್ಯಾಂಕಿಗೆ ತುಂಬಿ ಅಲ್ಲಿಂದ ಬಳಸಿ. ನಿಮ್ಮ ಕಡೆ ಏನಾದರೂ ಒಡೆದರೆ ವಾಲ್ವು ಆ ದಾರಿ ಮುಚ್ಚಿ ಬ್ರೇಕಿನ ಗಾಳಿ ಉಳಿಸುತ್ತದೆ. 24ಕ್ಕೆ ಈಗಾಗಲೇ ಏನೇನು ಸೇರಿಸಿದ್ದಾರೆ ಅಂತ ಕಂಪನಿಯ ಡ್ರಾಯಿಂಗ್ ನೋಡಿಯೇ ಕೈ ಹಾಕಿ.

ಬ್ರೇಕಿನ ಕಂಪ್ರೆಸರ್ ಎಡೆಬಿಡದೆ ಓಡಲು ಮಾಡಿದ್ದೂ ಅಲ್ಲ. ಸ್ವಲ್ಪ ಹೊತ್ತು ತುಂಬಿಸಿ ಉಳಿದ ಹೊತ್ತು ಖಾಲಿ ತಿರುಗಬೇಕು. ಅದರಲ್ಲಿ ಗಂಟೆಗಟ್ಟಲೆ ಊದಿದರೆ ಹೆಡ್ಡು ಕಾದು ಆಯಿಲ್ ಕರಕಲಾಗಿ ಡ್ರೈಯರ್ ಸೇರುತ್ತದೆ. ಟೈರಿಗೆ, ಒಂದೆರಡು ನಟ್ಟಿಗೆ ಸರಿ. ವರ್ಕ್‌ಶಾಪ್ ಮಾಡಿಕೊಳ್ಳಬೇಡಿ.

ಗ್ರೀಸ್‌ಕೈ:

ನನ್ನ ಇಂಜಿನ್ನಿಗೆ ರೆಡಿ ಬ್ರಾಕೆಟ್ ಇಲ್ಲ, ವಿಚಾರಿಸಿದೆ. ಹಾಗಾಗಿ 12 ವೋಲ್ಟಿನ ಎರಡು ಸಿಲಿಂಡರಿನದ್ದು, 20 ಲೀಟರ್ ಟ್ಯಾಂಕು, ರೆಗ್ಯುಲೇಟರ್ ಅಂತ ತೀರ್ಮಾನ ಮಾಡಿದೆ. ಗನ್ ಬ್ಯಾಟರಿಯದ್ದು. ವೈರ್ ಎಷ್ಟು ದಪ್ಪದ್ದು ಎಳೆಯಲಿ? ಬ್ಯಾಟರಿಯಿಂದ ಹಿಂದಿನ ಬಾಕ್ಸಿಗೆ ನಾಲ್ಕು ಮೀಟರ್.

ಬಾರ್‌ಲೀಟರ್:

60 ಆಂಪಿಯರ್ ಅಂತ ಇಟ್ಟುಕೊಳ್ಳಿ. ಹೋಗಿ ಬರುವುದು 8 ಮೀಟರ್ ತಾಮ್ರ. 10 ಸ್ಕ್ವೇರ್ ಎಂಎಂ ವೈರಿನಲ್ಲಿ ದಾರಿಯಲ್ಲೇ 0.8 ವೋಲ್ಟ್ ಹೋಗುತ್ತದೆ. 25 ಸ್ಕ್ವೇರ್‌ನಲ್ಲಿ 0.3 ಚಿಲ್ಲರೆ. ದಪ್ಪದ್ದೇ ಎಳೆಯಿರಿ, ಒಂದು ಸಲದ ಕೆಲಸ. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ, ಕಂಪ್ರೆಸರ್ ಪಕ್ಕದಲ್ಲಲ್ಲ. ಫ್ಯೂಸ್ ಕಾಯಬೇಕಾದ್ದು ನಡುವಿನ ವೈರನ್ನು. ಮೋಟರಿನ ಕರೆಂಟು ಪ್ರೆಶರ್ ಸ್ವಿಚ್ ಮೂಲಕ ಹೋಗಬಾರದು, ಸ್ವಿಚ್ಚು ಬರೀ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಆನ್ ಮಾಡುವ ಸ್ವಿಚ್ಚು) ಎಳೆಯಲಿ. ರಿಲೇಯ ಕರೆಂಟು ಇಗ್ನಿಷನ್ ಆನ್ ಇದ್ದಾಗ ಮಾತ್ರ ಬರುವ ಲೈನಿನಿಂದ ತಗೊಳ್ಳಿ, ಇಲ್ಲದಿದ್ದರೆ ಎಲ್ಲೋ ಒಂದು ಲೀಕಿಗೆ ರಾತ್ರಿಯಿಡೀ ತಾನೇ ಓಡಿ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಕೆಲಸ ಮಾಡುವಾಗ ಇಂಜಿನ್ ಓಡುತ್ತಿರಲಿ, ಆಕ್ಸಿಲರೇಟರ್ ಸ್ವಲ್ಪ ಏರಿಸಿ. ಐಡ್ಲಿಂಗಿನಲ್ಲಿ ಆಲ್ಟರ್ನೇಟರ್ ಪೂರ್ತಿ ಕರೆಂಟು ಕೊಡುವುದಿಲ್ಲ.

ಗ್ರೀಸ್‌ಕೈ:

ಕೂರಿಸಿ ಆಯಿತು, ಎಲ್ಲರಿಗೂ ಥ್ಯಾಂಕ್ಸ್. ಸೋಪಿನ ನೀರು ಹಚ್ಚಿ ಎಲ್ಲ ಜಾಯಿಂಟ್ ನೋಡಿದೆ, ರೆಗ್ಯುಲೇಟರ್ ಬುಡದಲ್ಲಿ ಒಂದೇ ಒಂದು ಗುಳ್ಳೆ ಏಳುತ್ತಿತ್ತು, ಬಿಗಿ ಮಾಡಿದೆ. ಆದರೆ ಒಂದು ತೊಂದರೆ. ಖಾಲಿ ಟ್ಯಾಂಕನ್ನು ಚೆನ್ನಾಗಿ ತುಂಬಿಸಿ 10 ಬಾರಿಗೆ ನಿಲ್ಲುತ್ತದೆ. ಬಳಸಿ 7ಕ್ಕೆ ಇಳಿದಾಗ ಮತ್ತೆ ಆನ್ ಆಗಬೇಕಲ್ಲ, ಆಗ ಮೋಟರ್ ಹೂಂ ಅನ್ನುತ್ತದೆ, ತಿರುಗುವುದಿಲ್ಲ, ಫ್ಯೂಸ್ ಹೋಗುತ್ತದೆ. ವೈರ್ 25 ಸ್ಕ್ವೇರಿನದ್ದೇ ಹಾಕಿದ್ದೇನೆ. ಕಂಪ್ರೆಸರೇ ಸರಿಯಿಲ್ಲವಾ?

ಪೈಪುಫಿಟ್ಟಿಂಗ್:

ಕಂಪ್ರೆಸರ್ ಮೇಲೆ ಈಗಲೇ ಅನುಮಾನ ಬೇಡ. ಕಾರಣ ಎರಡರಲ್ಲಿ ಒಂದು. ನಿಂತಾಗ ಹೆಡ್ಡಿಗೂ ನಾನ್ ರಿಟರ್ನ್ ವಾಲ್ವಿಗೂ ನಡುವೆ 10 ಬಾರ್ ಸಿಕ್ಕಿಕೊಂಡಿರುತ್ತದೆ, ಮೋಟರ್ ಅದನ್ನು ತಳ್ಳಿಕೊಂಡು ಏಳಬೇಕು. ಅದಕ್ಕೇ ಅನ್‌ಲೋಡರ್ ಇರುವ ಪ್ರೆಶರ್ ಸ್ವಿಚ್ ಬರುತ್ತದೆ, ಕಂಪ್ರೆಸರ್ ನಿಂತ ಕ್ಷಣ ಪುಸ್ ಅಂತ ಆ ಗಾಳಿ ಬಿಡುತ್ತದೆ. ನಿಮ್ಮದರಲ್ಲಿ ಆ ಸದ್ದು ಬರುತ್ತದಾ? ಬಂದು ನಿಲ್ಲದೆ ಸುಯ್ ಅಂತಲೇ ಇದ್ದರೆ ನಾನ್ ರಿಟರ್ನ್ ವಾಲ್ವು ಕೂರುತ್ತಿಲ್ಲ, ಕಸ ಸಿಕ್ಕಿದೆ ಅಂತ.

ಇನ್ನೊಂದು ಕಾರಣ ವೋಲ್ಟೇಜು. ಮೀಟರ್ ಹಿಡಿದು ಮೋಟರಿನ ಎರಡು ಟರ್ಮಿನಲ್ ಮೇಲೇ ನೋಡಿ, ಬ್ಯಾಟರಿಯ ಮೇಲಲ್ಲ. ಸ್ಟಾರ್ಟ್ ಆಗಲು ಹೊರಟ ಆ ಗಳಿಗೆಯಲ್ಲಿ ಎಷ್ಟು ಬರುತ್ತದೆ ಹೇಳಿ.

ಗ್ರೀಸ್‌ಕೈ:

ಪುಸ್ ಸದ್ದು ಬರುತ್ತದೆ, ತಾನೇ ನಿಲ್ಲುತ್ತದೆ. ವೋಲ್ಟೇಜ್ ಮಾತ್ರ 9ರ ಕೆಳಗೆ ಬೀಳುತ್ತಿದೆ. ಅದೇ ಹೊತ್ತಿಗೆ ಬ್ಯಾಟರಿಯಲ್ಲಿ 12ರ ಮೇಲಿದೆ.

ಬಾರ್‌ಲೀಟರ್:

ಹಾಗಾದರೆ ದಾರಿಯಲ್ಲಿ 3 ವೋಲ್ಟ್ ಎಲ್ಲೋ ನುಂಗುತ್ತಿದೆ. 25 ಸ್ಕ್ವೇರ್ ಪ್ಲಸ್ಸಿಗೆ ಮಾತ್ರ ಹಾಕಿ ಅರ್ಥ್ (ಮೈನಸ್ ದಾರಿ) ಬಾಡಿಯಿಂದ ತಗೊಂಡಿದ್ದೀರಾ? ಮೀಟರಿನ ಒಂದು ಕಡ್ಡಿ ಮೋಟರಿನ ಮೈನಸ್ ಮೇಲೆ, ಇನ್ನೊಂದು ಬ್ಯಾಟರಿಯ ಮೈನಸ್ ಮೇಲೆ ಇಟ್ಟು ಸ್ಟಾರ್ಟ್ ಮಾಡಿ. ಅಲ್ಲಿ ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ಥಿನದ್ದೇ ಕೆಲಸ.

ಗ್ರೀಸ್‌ಕೈ:

2.6 ಬಂತು! ಬಾಡಿಯ ಅರ್ಥ್ ಬೋಲ್ಟು ಪೇಂಟಿನ ಮೇಲೇ ಕೂತಿದೆ, ಬಾಡಿ ಕಟ್ಟಿದವರು ಬಣ್ಣ ಬಳಿದು ಅದರ ಮೇಲೆ ಬಿಗಿದಿದ್ದಾರೆ. ಬಾಡಿಗೂ ಚಾಸಿಗೂ ನಡುವೆ ರಬ್ಬರ್ ಪ್ಯಾಡ್ ಬೇರೆ. ಈಗ ಮೈನಸ್ಸಿಗೂ 25 ಸ್ಕ್ವೇರ್ ವೈರನ್ನು ಸೀದಾ ಬ್ಯಾಟರಿಗೇ ಎಳೆದೆ. 7 ಬಾರಿನಲ್ಲೂ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತಿದೆ, ಫ್ಯೂಸ್ ಹೋಗಿಲ್ಲ.

ಪೈಪುಫಿಟ್ಟಿಂಗ್:

ಒಳ್ಳೆಯದಾಯಿತು. ಮೊದಲು ಹಾಕಿದ ಬಾಡಿ ಅರ್ಥ್ ತೆಗೆಯಬೇಡಿ, ಬಾಡಿಯ ಲೈಟುಗಳಿಗೆ ಬೇಕಾಗುತ್ತದೆ. ಆ ಬೋಲ್ಟಿನ ಬುಡದ ಬಣ್ಣ ಕೆರೆದು ಬರೀ ಲೋಹ ಕಾಣುವಂತೆ ಮಾಡಿ, ಬಿಗಿ ಮಾಡಿ, ಮೇಲೆ ಸ್ವಲ್ಪ ಗ್ರೀಸ್ ಸವರಿ. ಗಾಡಿ ಒಂದಷ್ಟು ಓಡಿದ ಮೇಲೆ ಕಂಪ್ರೆಸರಿನ ಬುಷ್ ಬೋಲ್ಟುಗಳನ್ನೂ ಹೆಡ್ಡಿನ ಹತ್ತಿರದ ಹೋಸ್ ನಟ್ಟನ್ನೂ ಮತ್ತೊಮ್ಮೆ ಬಿಗಿ ಮಾಡಿ ನೋಡಿ, ಅವು ಮೊದಮೊದಲು ಸ್ವಲ್ಪ ಸಡಿಲ ಆಗುತ್ತವೆ.